ಮೊದಲು ಅಡೆ, ಆಮೇಲೆ ಬ್ರೇಕ್

ಟ್ರೇಲರ್‌ನ ಬ್ರೇಕ್ ಸರಿಯಾಗಿದೆಯೇ ಎಂದು ಅಳೆಯಬೇಕಾದರೆ ಮೊದಲು ಆ ಬ್ರೇಕನ್ನು ಪೂರ್ತಿ ಬಿಡಿಸಬೇಕು. ಬಿಟ್ಟಾಗ, ಗಾಳಿಯ ಬಲದಿಂದ ಬ್ರೇಕನ್ನು ತಳ್ಳುವ ಬೂಸ್ಟರ್‌ನ ರಾಡ್ ಎಲ್ಲಿತ್ತು, ಒತ್ತಿದಾಗ ಎಲ್ಲಿಗೆ ಬಂತು ಎಂಬ ಎರಡು ಗುರುತುಗಳ ನಡುವಿನ ಅಂತರದಲ್ಲೇ ಪರೀಕ್ಷೆಯ ತಿರುಳಿದೆ. ಆ ಮೊದಲ ಗುರುತು ಹಾಕುವ ಹೊತ್ತಿಗೆ ಒಬ್ಬ ಮನುಷ್ಯ ಸೀಮೆಸುಣ್ಣ ಹಿಡಿದು ಆಕ್ಸಲ್ ಪಕ್ಕದಲ್ಲಿ ಅಂಗಾತ ಮಲಗಿರುತ್ತಾನೆ. ಮೇಲಿರುವ ಅಷ್ಟೂ ಟನ್ ಕಬ್ಬಿಣವನ್ನು ಆಗ ತಡೆದು ನಿಲ್ಲಿಸಿರುವುದು ಗಾಲಿಗೆ ಕೊಟ್ಟ ಅಡೆ ಮಾತ್ರ.

ಈ ಲೇಖನ ಎಫ್‌ಸಿಗೆ ಹೋಗುವ ಮುನ್ನ ತಮ್ಮ ಅಂಗಳದಲ್ಲೋ ಗ್ಯಾರೇಜಿನಲ್ಲೋ ಟ್ರೇಲರ್ ಬ್ರೇಕ್ ನೋಡಿಕೊಳ್ಳುವ ಮಾಲೀಕರು, ಚಾಲಕರು, ಕ್ಲೀನರ್‌ಗಳಿಗಾಗಿ. ಟ್ರೇಲರ್‌ಗೆ ಅದರದೇ ನೋಂದಣಿ ಇದೆ. ಮೋಟಾರು ವಾಹನ ಕಾಯ್ದೆ, 1988ರ 56ನೇ ಸೆಕ್ಷನ್ ಪ್ರಕಾರ ಸಾರಿಗೆ ವಾಹನಕ್ಕೆ ಅರ್ಹತಾ ಪತ್ರ, ಅಂದರೆ ಎಫ್‌ಸಿ, ಬೇಕು. ಎಂಟು ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ ನವೀಕರಣ. ಆದರೆ ಬ್ರೇಕ್ ಇನ್ಸ್‌ಪೆಕ್ಟರ್ ವಾಹನ ನೋಡುವುದು ಆ ಒಂದು ದಿನ. ಉಳಿದ ದಿನಗಳಲ್ಲಿ ಶಿರಾಡಿ ಘಾಟಿಯಲ್ಲಿ ಮಂಗಳೂರಿನ ಬಂದರಿನ ಕಡೆಗೆ ಲೋಡ್ ಹೊತ್ತು ಇಳಿಯುವಾಗ ಆ ಬ್ರೇಕ್ ಮೇಲೆ ಚಾಲಕನದೂ ಎದುರಿನಿಂದ ಬರುವವರದೂ ಜೀವ ನಿಂತಿರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಕಲಿತು ಮಾಡಬೇಕು, ಮಾಡುವವರು ಸುರಕ್ಷಿತವಾಗಿ ಎದ್ದು ಬರಬೇಕು. ಎರಡನೆಯದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಅದಕ್ಕೇ ಇಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ನೆಲ, ಅಡೆ, ಕೀ

ಕಣ್ಣಿಗೆ ಸಮತಟ್ಟಾಗಿ ಕಾಣುವ ಅಂಗಳವೂ ಮಳೆನೀರು ಹರಿದು ಹೋಗಲೆಂದು ಸ್ವಲ್ಪ ವಾಟವಾಗಿಯೇ ಇರುತ್ತದೆ. ನೂರು ಅಡಿಗೆ ಎರಡು ಅಡಿ ಇಳಿಜಾರು ಎಂದಿಟ್ಟುಕೊಳ್ಳಿ. ಹತ್ತು ಟನ್‌ನ ಟ್ರೇಲರ್ ಅಲ್ಲಿ ಇನ್ನೂರು ಕಿಲೋ ಬಲದಿಂದ ಕೆಳಕ್ಕೆ ಎಳೆಯುತ್ತಿರುತ್ತದೆ. ಟೈರು ಉರುಳುವಾಗಿನ ತಡೆಯನ್ನು ಕಳೆದರೂ ನೂರು ಕಿಲೋಗಿಂತ ಹೆಚ್ಚು ಉಳಿಯುತ್ತದೆ. ಒಮ್ಮೆ ಉರುಳತೊಡಗಿದರೆ ನಾಲ್ಕು ಜನ ಭುಜ ಕೊಟ್ಟರೂ ನಿಲ್ಲದು, ಭುಜ ಕೊಡಲು ಹೋಗಲೂಬಾರದು. ಆದ್ದರಿಂದ ಗಟ್ಟಿಯಾದ, ಆದಷ್ಟು ಸಮನಾದ ನೆಲ ಹುಡುಕಿ. ಸಡಿಲ ಮಣ್ಣಿನ ಮೇಲೆ ಅಡೆಯೇ ಜಾರುತ್ತದೆ.

ಅಡೆ ಎಂದರೆ ರಸ್ತೆ ಬದಿಯಿಂದ ಎತ್ತಿಕೊಂಡ ದುಂಡು ಕಲ್ಲಾಗಬಾರದು. ದುಂಡು ಕಲ್ಲು ಟೈರಿನ ಜೊತೆ ಉರುಳುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ಜಾತ್ರೆಯಲ್ಲಿ ತೇರಿನ ಗಾಲಿಗೆ ಕೊಡುವ ಸನ್ನೆಯಂತೆ ಒಂದು ಬದಿ ಇಳಿಜಾರಾಗಿ ಕೊರೆದ ಗಟ್ಟಿ ಮರದ ತುಂಡು, ಇಲ್ಲವೇ ಅಂಗಡಿಯಲ್ಲಿ ಸಿಗುವ ರಬ್ಬರಿನ ವೀಲ್ ಚಾಕ್ ಆಗಬೇಕು. ಟ್ರೇಲರ್‌ನ ಎಡಬಲ ಎರಡೂ ಕಡೆ, ಒಂದೊಂದು ಗಾಲಿಯ ಹಿಂದೆ ಮುಂದೆ ಟೈರಿಗೆ ಒತ್ತಿಕೊಳ್ಳುವಂತೆ ಇಡಿ. ಎಳೆಯುವ ಲಾರಿಯ ಹಿಂದಿನ ಗಾಲಿಗೂ ಕೊಡಿ. ಹಲವು ವಾಹನಗಳಲ್ಲಿ ಕ್ಯಾಬಿನ್ನಿನ ಹ್ಯಾಂಡ್‌ಬ್ರೇಕ್ ಬಿಟ್ಟರೆ ಲಾರಿಯದೂ ಟ್ರೇಲರ್‌ನದೂ ಒಟ್ಟಿಗೇ ಬಿಡುತ್ತದೆ. ಲಾರಿಗೆ ಅಡೆ ಏಕೆ ಎಂದು ಕೇಳುವವರು ಇದನ್ನು ಗಮನಿಸಬೇಕು.

ಜಾಕ್ ಮೇಲೆ ನಿಂತ ಆಕ್ಸಲ್‌ನಡಿ ಯಾರೂ ಹೋಗಬಾರದು. ಗಾಲಿ ಎತ್ತಲೇಬೇಕಾದರೆ ಆಕ್ಸಲ್ ಕೆಳಗೆ ಭಾರಕ್ಕೆ ತಕ್ಕ ಸ್ಟ್ಯಾಂಡ್ ಕೊಟ್ಟು, ಭಾರವನ್ನು ಅದರ ಮೇಲೆ ಇಳಿಸಿದ ಮೇಲೆಯೇ ಕೈ ಹಾಕುವುದು.

ಇನ್ನು ಕೀ. ಕೆಳಗೆ ಮಲಗುವವನ ಜೇಬಿನಲ್ಲೇ ಕೀ ಇರಬೇಕು. ಗಾಳಿ ತುಂಬಿಸಲು ಇಂಜಿನ್ ಓಡಿಸಬೇಕಾದಾಗ ಅವನು ಹೊರಗೆ ಬಂದು, ಎದ್ದು ನಿಂತು, ಕೀ ಕೊಡಲಿ. ಒತ್ತಡ ತುಂಬಿದ ಮೇಲೆ ಇಂಜಿನ್ ನಿಲ್ಲಿಸಿ ಕೀ ವಾಪಸು ಪಡೆಯಲಿ. ಟ್ಯಾಂಕಿನಲ್ಲಿರುವ ಗಾಳಿ ಪೆಡಲನ್ನು ಕೆಲವು ಸಲ ಒತ್ತಲು ಸಾಕಾಗುವುದರಿಂದ ಅಳತೆಯ ಹೊತ್ತಿನಲ್ಲಿ ಇಂಜಿನ್ ಓಡುತ್ತಿರಬೇಕಾದ ಅಗತ್ಯವಿಲ್ಲ. ಇಂಜಿನ್ ನಿಂತಿದ್ದರೆ ಇನ್ನೊಂದು ಲಾಭವೂ ಇದೆ: ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತದೆ, ಸೋರುವ ಗಾಳಿಯ ಸದ್ದೂ ಕೇಳುತ್ತದೆ.

ಸೀಟಿನಲ್ಲಿ ಕೂತವನಿಗೆ ಹೇಳುವವರು ಒಬ್ಬರೇ ಇರಲಿ. ಕ್ಲೀನರ್ "ಅಣ್ಣಾ, ಒತ್ತಿ" ಅಂದರೆ ಚಾಲಕ "ಒತ್ತಿದೆ" ಎಂದು ತಿರುಗಿ ಹೇಳಬೇಕು. "ಅಣ್ಣಾ, ಬಿಡಿ" ಅಂದರೆ "ಬಿಟ್ಟೆ" ಅನ್ನಬೇಕು. ಉತ್ತರ ಬರುವವರೆಗೆ ಕೆಳಗಿನವನ ಕೈ ರಾಡ್ ಹತ್ತಿರ ಹೋಗಬಾರದು. "ನಿಲ್ಲಿಸಿ" ಎಂದು ಮಾತ್ರ ಅಲ್ಲಿರುವ ಯಾರು ಬೇಕಾದರೂ ಕೂಗಬಹುದು. ಕೂಗಿದ ತಕ್ಷಣ ಎಲ್ಲ ಕೆಲಸ ನಿಲ್ಲಬೇಕು. ಫೋನಿನಲ್ಲಿ ಮಾತಾಡುತ್ತಾ ಪೆಡಲ್ ಮೇಲೆ ಕಾಲಿಟ್ಟು ಕೂರುವವರನ್ನು ಈ ಕೆಲಸಕ್ಕೆ ಕೂರಿಸಲೇಬೇಡಿ.

ಕೆಂಪು ಪೈಪು, ಹಳದಿ ಪೈಪು

ಏರ್ ಬ್ರೇಕ್ ಇರುವ ಟ್ರೇಲರ್‌ಗೆ ಲಾರಿಯಿಂದ ಎರಡು ಪೈಪು ಬರುತ್ತವೆ. ಕೆಂಪು ಪೈಪು ಟ್ರೇಲರ್‌ನ ಟ್ಯಾಂಕಿಗೆ ಸದಾ ಗಾಳಿ ತುಂಬಿಸುತ್ತದೆ. ಹಳದಿಯದು ಪೆಡಲ್ ಒತ್ತಿದಾಗ ಎಷ್ಟು ಬ್ರೇಕ್ ಹಾಕಬೇಕೆಂಬ ಆಜ್ಞೆ ಒಯ್ಯುವ ಕೆಲಸ. ಕೆಂಪು ಪೈಪು ಕಿತ್ತುಹೋದರೆ ಟ್ರೇಲರ್‌ನ ಬ್ರೇಕ್ ತಾನೇ ಹಿಡಿಯಬೇಕು. ಗಾಳಿ ಇದ್ದರೆ ಬ್ರೇಕ್ ಬಿಡುವುದು, ಗಾಳಿ ಹೋದರೆ ಹಿಡಿಯುವುದು ಎಂಬ ಈ ತಿರುಗುಮುರುಗಾದ ಏರ್ಪಾಟಿನ ಮೂಲ ರೈಲಿನಲ್ಲಿದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟ್ ಪಡೆದ ಮೊದಲ ಏರ್ ಬ್ರೇಕಿನಲ್ಲಿ ಪೈಪು ಹರಿದರೆ ಬ್ರೇಕೇ ಇಲ್ಲವಾಗುತ್ತಿತ್ತು. 1872ರಲ್ಲಿ ಆತ ಅದನ್ನು ತಿರುಗಿಸಿ, ಬೋಗಿ ಕಳಚಿದರೆ ಬ್ರೇಕ್ ತಾನೇ ಬೀಳುವಂತೆ ಮಾಡಿದ. ಅದೇ ತತ್ವ ಇಂದು ನಿಮ್ಮ ಟ್ರೇಲರ್‌ನ ರಿಲೇ ಎಮರ್ಜೆನ್ಸಿ ವಾಲ್ವ್‌ನಲ್ಲಿ ಕೆಲಸ ಮಾಡುತ್ತಿದೆ.

ಜೋಡಿಸುವಾಗ ಮೊದಲು ಹಳದಿ, ಆಮೇಲೆ ಕೆಂಪು. ಬಿಡಿಸುವಾಗ ಮೊದಲು ಕೆಂಪು, ಆಮೇಲೆ ಹಳದಿ. ಕೆಂಪು ಸೇರಿಸಿದೊಡನೆ ಟ್ರೇಲರ್‌ಗೆ ಗಾಳಿ ನುಗ್ಗಿ ಅದುವರೆಗೆ ಹಿಡಿದಿದ್ದ ಎಮರ್ಜೆನ್ಸಿ ಬ್ರೇಕ್ ಬಿಟ್ಟುಬಿಡುತ್ತದೆ. ಟ್ರೇಲರ್‌ನ ಪಾರ್ಕಿಂಗ್ ಬ್ರೇಕ್ ಹಾಕಿರದಿದ್ದರೆ, ಲಾರಿಯ ಹ್ಯಾಂಡ್‌ಬ್ರೇಕೂ ಸಡಿಲವಿದ್ದರೆ, ಕ್ಯಾಬಿನ್ನಿಗೂ ಟ್ರೇಲರ್‌ಗೂ ನಡುವೆ ನಿಂತು ಪೈಪು ಜೋಡಿಸುತ್ತಿರುವವನ ಮೇಲೆಯೇ ಎಲ್ಲವೂ ಚಲಿಸುತ್ತದೆ. ಬ್ರಿಟನ್ನಿನ ಹೆಲ್ತ್ ಆ್ಯಂಡ್ ಸೇಫ್ಟಿ ಎಕ್ಸಿಕ್ಯುಟಿವ್ ಲಾರಿ ಚಾಲಕರಿಗೆ ಎಚ್ಚರಿಸುತ್ತಲೇ ಬಂದಿರುವ ಅಪಾಯ ಇದು. ನಮ್ಮ ಚಾಲಕರು ಅದೇ ಜಾಗದಲ್ಲಿ ನಿಂತೇ ಅದೇ ಕೆಲಸ ಮಾಡುತ್ತಾರೆ.

ಪರೀಕ್ಷೆ ಶುರುಮಾಡುವ ಮೊದಲು ಏರ್ ಟ್ಯಾಂಕಿನ ಕೆಳಗಿನ ಕಾಕ್ ಎಳೆದು ನೀರು ಬಸಿಯಿರಿ. ಕರಾವಳಿಯಲ್ಲೂ ಮಳೆಗಾಲದಲ್ಲೂ ನೀರು ಹೆಚ್ಚು ಬರುತ್ತದೆ. ನೀರಿನ ಜೊತೆ ಎಣ್ಣೆ ಬಂದರೆ ಕಂಪ್ರೆಸರ್ ತೋರಿಸಬೇಕು. ಆಮೇಲೆ ಗಾಳಿ ತುಂಬಿಸಿ. ಸಾಮಾನ್ಯವಾಗಿ 7ರಿಂದ 8 ಬಾರ್ ಸುಮಾರಿಗೆ ಮುಳ್ಳು ನಿಲ್ಲುತ್ತದೆ. ನಿಮ್ಮ ವಾಹನದ ಕಂಪನಿ ಹೇಳಿದ ಅಂಕಿಯೇ ಅಂತಿಮ. ಇಂಜಿನ್ ನಿಲ್ಲಿಸಿ, ಬ್ರೇಕ್ ಬಿಟ್ಟ ಸ್ಥಿತಿಯಲ್ಲಿ ಒಂದು ನಿಮಿಷ ಮುಳ್ಳು ನೋಡಿ. ನಂತರ ಪೆಡಲ್ ಪೂರ್ತಿ ಒತ್ತಿ ಹಿಡಿದು, ಮೊದಲ ಇಳಿತ ನಿಂತ ಮೇಲೆ ಮತ್ತೆ ಒಂದು ನಿಮಿಷ. ಟ್ರೇಲರ್ ಜೋಡಿಸಿದ ಲಾರಿಗೆ ಅಮೆರಿಕದ ಚಾಲಕರು ಕಲಿಯುವ ಮಿತಿ ಹೀಗಿದೆ: ಬ್ರೇಕ್ ಬಿಟ್ಟಾಗ ನಿಮಿಷಕ್ಕೆ 3 ಪಿಎಸ್‌ಐ, ಒತ್ತಿದಾಗ 4 ಪಿಎಸ್‌ಐ. ಬಾರ್ ಲೆಕ್ಕದಲ್ಲಿ 0.2 ಮತ್ತು 0.28. ಅದಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಹುಡುಕಬೇಕು. ಒತ್ತಿದಾಗ ಮಾತ್ರ ಸೋರುವುದಾದರೆ ಬೂಸ್ಟರ್‌ನ ಡಯಾಫ್ರಮ್ ಅಥವಾ ಅದಕ್ಕೆ ಹೋಗುವ ಪೈಪಿನ ಮೇಲೆ ಅನುಮಾನ ಇಡಿ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಜಾಗ ತೋರಿಸುತ್ತದೆ. ಸೋರುವ ರಂಧ್ರದ ಮೇಲೆ ಬೆರಳು ಇಟ್ಟು ನೋಡಬೇಡಿ.

ಕೆಂಪು ಪೈಪಿನ ಪರೀಕ್ಷೆಯನ್ನು ಎಷ್ಟೋ ಕಡೆ ಮಾಡುವುದೇ ಇಲ್ಲ. ಮಾಡಲೇಬೇಕು. ಅಡೆಗಳು ಇದ್ದಂತೆಯೇ, ಲಾರಿಯ ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ನಿಲ್ಲಿಸಿ, ಕೀ ಜೇಬಿಗಿಟ್ಟುಕೊಂಡು, ಪೈಪಿನ ನೇರಕ್ಕೆ ನಿಲ್ಲದೆ ಬದಿಗೆ ನಿಂತು ಕೆಂಪು ಕಪ್ಲಿಂಗ್ ಬಿಡಿಸಿ. ಮುಚ್ಚುವ ಕಾಕ್ ಇದ್ದರೆ ಮೊದಲು ಅದನ್ನು ಮುಚ್ಚಿ. ಕಣ್ಣಿಗೆ ಕನ್ನಡಕ ಇರಲಿ, ಒತ್ತಡದ ಪೈಪು ಚಾಟಿಯಂತೆ ಬೀಸುತ್ತದೆ. ಟ್ರೇಲರ್‌ನ ಎಲ್ಲ ರಾಡ್‌ಗಳೂ ಒಮ್ಮೆಗೇ ಹೊರಬಂದು ಬ್ರೇಕ್ ಹಿಡಿಯಬೇಕು. ಒಂದು ಗಾಲಿಯದು ಹಿಡಿಯದಿದ್ದರೂ ಟ್ರೇಲರ್ ರಸ್ತೆಗೆ ಹೋಗಬಾರದು.

ಇಲ್ಲೊಂದು ಅಪಾಯವಿದೆ. ಸ್ಪ್ರಿಂಗ್ ಬ್ರೇಕ್ ಇಲ್ಲದ ಹಳೆಯ ಟ್ರೇಲರ್ ಹೀಗೆ ಹಿಡಿದು ನಿಂತಿರುವುದು ತನ್ನ ಟ್ಯಾಂಕಿನ ಗಾಳಿಯ ಬಲದಿಂದ. ಗಾಳಿ ಮೆಲ್ಲಗೆ ಸೋರುತ್ತದೆ. ಸಂಜೆ ಗಟ್ಟಿಯಾಗಿ ನಿಂತಿದ್ದ ಟ್ರೇಲರ್ ಬೆಳಗಿನ ಜಾವಕ್ಕೆ ಉರುಳಬಹುದು. ಕಳಚಿಟ್ಟ ಟ್ರೇಲರ್‌ಗೆ ಪರೀಕ್ಷೆ ಇರಲಿ ಇಲ್ಲದಿರಲಿ, ಅಡೆ ಕೊಟ್ಟೇ ಹೋಗಬೇಕು.

ಬೂಸ್ಟರ್ ಬಳಿ

ಹಿಂದಿನ ಬೂಸ್ಟರ್‌ಗಳಲ್ಲಿ ಎರಡು ಕೋಣೆ ಇದ್ದರೆ ಒಂದು ಪೆಡಲ್‌ನದು, ಇನ್ನೊಂದು ಪಾರ್ಕಿಂಗಿನದು. ಪಾರ್ಕಿಂಗ್ ಕೋಣೆಯಲ್ಲಿ ಒಂದು ದೊಡ್ಡ ಸ್ಪ್ರಿಂಗ್ ಸುಮಾರು ಒಂದು ಟನ್ ಬಲದಲ್ಲಿ ಅದುಮಿಕೊಂಡು ಕೂತಿರುತ್ತದೆ. ಅದರ ಸುತ್ತಲಿನ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಆ ಸ್ಪ್ರಿಂಗ್ ಮುಚ್ಚಳ ಸಮೇತ ಹಾರುತ್ತದೆ. ಜೀವ ಹೋಗಿರುವುದುಂಟು. ಆ ಪಟ್ಟಿಗೆ ಸ್ಪ್ಯಾನರ್ ಹಾಕಲೇಬೇಡಿ, ತುಕ್ಕು ಹಿಡಿದು ಬಿರುಕು ಬಿಟ್ಟಿದ್ದರೆ ಇಡೀ ಬೂಸ್ಟರ್ ಬದಲಾಯಿಸಿ. ಸುತ್ತಿಗೆಯಿಂದ ಬಡಿದು ನೋಡುವ ಅಭ್ಯಾಸವನ್ನು ಇಲ್ಲಿ ಬಿಡಬೇಕು.

ಸ್ಪ್ರಿಂಗನ್ನು ಒಳಕ್ಕೆ ಎಳೆದು ಬಂಧಿಸುವ ಉದ್ದನೆಯ ಬೋಲ್ಟ್ ಒಂದಿರುತ್ತದೆ. ದಾರಿಯಲ್ಲಿ ಗಾಳಿ ಹೋಗಿ ವಾಹನ ಕದಲದಿದ್ದಾಗ ಎಳೆದುಕೊಂಡು ಹೋಗಲು ಬಳಸುವುದಕ್ಕೆ ಅದು. ಕೆಲಸ ಮುಗಿದ ಮೇಲೂ ಅದನ್ನು ಅಲ್ಲೇ ಬಿಟ್ಟಿರುವ ಟ್ರೇಲರ್‌ಗಳಿವೆ. ಹಾಗೆ ಬಿಟ್ಟ ಗಾಲಿಗೆ ಪಾರ್ಕಿಂಗ್ ಬ್ರೇಕೇ ಇಲ್ಲ. ಕೆಳಗೆ ಹೋದಾಗ ಮೊದಲು ನೋಡಬೇಕಾದ್ದು ಇದನ್ನೇ. ಅದರ ಜೊತೆಗೇ ಇನ್ನೊಂದನ್ನು ನೋಡಿ: ಬೂಸ್ಟರ್ ಸೋರಿದಾಗ ಅದರ ಪೈಪನ್ನು ಮಡಚಿ ಕಟ್ಟಿ ಅಥವಾ ಬೋಲ್ಟ್ ತುರುಕಿ ಮುಂದಕ್ಕೆ ಹೋಗಿರುತ್ತಾರೆ. ಆ ರಾತ್ರಿಗೆ ಅದು ಅನಿವಾರ್ಯವಾಗಿ ಕಂಡಿರಬಹುದು. ತಿಂಗಳಾದರೂ ಹಾಗೇ ಇದ್ದರೆ ಆ ಟ್ರೇಲರ್ ಒಂದು ಬ್ರೇಕ್ ಕಡಿಮೆ ಇಟ್ಟುಕೊಂಡು ಘಾಟಿ ಇಳಿಯುತ್ತಿದೆ.

ಈಗ ಅಳತೆ. ಅಡೆಗಳನ್ನು ಮತ್ತೊಮ್ಮೆ ಕಾಲಿನಿಂದ ಒದ್ದು ನೋಡಿ. ಗಾಳಿ ಪೂರ್ತಿ ತುಂಬಿ ಪಾರ್ಕಿಂಗ್ ಬ್ರೇಕ್ ಬಿಡಿಸಿ. ಕೆಲವು ಟ್ರೇಲರ್‌ಗಳ ಬದಿಯಲ್ಲೇ ಪಾರ್ಕಿಂಗಿಗೆ ಬೇರೆ ಗುಂಡಿ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಬೂಸ್ಟರ್‌ನ ಮುಖದ ಸಮಕ್ಕೆ ರಾಡ್ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಕೈ ಹೊರಗೆ ತೆಗೆಯಿರಿ. "ಒತ್ತಿ" ಎನ್ನಿ. ಸುಮಾರು 6 ಬಾರ್‌ನಷ್ಟು ಒತ್ತಿ ಹಿಡಿದಾಗ ಗೆರೆ ಎಷ್ಟು ದೂರ ಬಂತು ಎಂದು ಸ್ಕೇಲಿನಲ್ಲಿ ಅಳೆಯಿರಿ. 30 ಟೈಪ್‌ನ ಸಾಮಾನ್ಯ ಬೂಸ್ಟರ್‌ಗೆ 2 ಅಂಗುಲ, ಅಂದರೆ 51 ಮಿ.ಮೀ. ಮಿತಿ. 24 ಟೈಪ್‌ನ ಸಾಮಾನ್ಯದಕ್ಕೆ ಒಂದೂಮುಕ್ಕಾಲು ಅಂಗುಲ. ಟೈಪ್ ಸಂಖ್ಯೆ ಬೂಸ್ಟರ್ ಮೇಲೆಯೇ ಅಚ್ಚಾಗಿರುತ್ತದೆ. ರಾಡ್ ಹೆಚ್ಚು ದೂರ ಬಂದಷ್ಟೂ ಅದರ ತಳ್ಳುವ ಬಲ ಕುಸಿಯುತ್ತದೆ. ಇಳಿಜಾರಿನಲ್ಲಿ ಡ್ರಮ್ಮು ಕಾದು ಹಿಗ್ಗಿದಾಗ ಇನ್ನಷ್ಟು ದೂರ ಹೋಗಬೇಕಾಗುತ್ತದೆ, ಕೊನೆಗೆ ಬೂಸ್ಟರ್‌ನ ಗೋಡೆಗೇ ತಾಗಿ ನಿಲ್ಲುತ್ತದೆ. ಅಂಗಳದಲ್ಲಿ ಚೆನ್ನಾಗಿ ಹಿಡಿದ ಬ್ರೇಕ್ ಘಾಟಿಯಲ್ಲಿ ಕೈಕೊಡುವುದು ಹೀಗೆ.

ಮಿತಿ ಮೀರಿದ್ದರೆ ಕೈಯಿಂದ ಬಿಗಿಮಾಡುವ ಸ್ಲ್ಯಾಕ್ ಅಡ್ಜಸ್ಟರ್ ಆದಲ್ಲಿ ಸರಿಪಡಿಸಿ, ಎದುರು ಗಾಲಿಯನ್ನೂ ಅಳೆದು ಎರಡನ್ನೂ ಸಮಮಾಡಿ. ತಾನೇ ಬಿಗಿಯಾಗುವ ಜಾತಿಯದಾದರೆ ಕೈಯಿಂದ ತಿರುಗಿಸಿ ಸಮಾಧಾನಪಡಬೇಡಿ. ಅದು ತನ್ನ ಕೆಲಸ ಮಾಡಿಲ್ಲ ಎಂದರೆ ಕ್ಯಾಮ್ ಬುಷ್, ಲೈನರ್, ಅಡ್ಜಸ್ಟರ್ ಇವುಗಳಲ್ಲಿ ಎಲ್ಲೋ ದೋಷವಿದೆ. ಎಫ್‌ಸಿಯ ಹಿಂದಿನ ದಿನ ಬಿಗಿಮಾಡಿಸಿ, ಗಾಲಿ ಬಿಸಿಯಾಗುತ್ತದೆಂದು ಮರುದಿನ ಸಡಿಲಿಸುವವರಿಗೆ ನನ್ನದೊಂದು ಕಳಕಳಿಯ ಬಿನ್ನಹ: ಬಿಸಿಯಾಗುವುದಾದರೆ ಡ್ರಮ್ಮು ಬಿಚ್ಚಿಸಿ ನೋಡಿ, ರಿಟರ್ನ್ ಸ್ಪ್ರಿಂಗ್ ಸತ್ತಿರುತ್ತದೆ ಅಥವಾ ಶೂ ಹಿಡಿದುಕೊಂಡಿರುತ್ತದೆ. ಸಡಿಲಿಸಿದರೆ ಆ ದೋಷವೂ ಉಳಿಯುತ್ತದೆ, ಬ್ರೇಕೂ ಹೋಗುತ್ತದೆ.

ಡ್ರಮ್ಮಿನೊಳಗಿನ ಪುಡಿಯನ್ನು ಗಾಳಿ ಹೊಡೆದು ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಗಾಲಿಯ ಅಳತೆಯನ್ನೂ ತಾರೀಖಿನ ಜೊತೆ ಬರೆದಿಡಿ. ಮುಂದಿನ ಸಲ ಯಾವ ಗಾಲಿಯ ಅಂಕಿ ಉಳಿದವುಗಳಿಗಿಂತ ಬೇಗ ಏರಿದೆಯೋ ಆ ಡ್ರಮ್ಮನ್ನು ಮೊದಲು ಬಿಚ್ಚಬೇಕು. ಒಂದು ಓಟದ ನಂತರ ಡ್ರಮ್ಮುಗಳ ಬಿಸಿಯನ್ನು ಹೋಲಿಸಿ ನೋಡುವುದೂ ಒಳ್ಳೆಯದು. ಮುಟ್ಟಬೇಡಿ, ದೂರದಿಂದ ಅಳೆಯುವ ಥರ್ಮಾಮೀಟರ್ ಬಳಸಿ. ಉಳಿದವೆಲ್ಲ ಬಿಸಿಯಿದ್ದು ಒಂದೇ ತಣ್ಣಗಿದ್ದರೆ ಆ ಗಾಲಿ ಕೆಲಸ ಮಾಡಿಲ್ಲ.

ರೋಲರ್ ಮೇಲೆ

ಯಂತ್ರದಲ್ಲಿ ಪರೀಕ್ಷಿಸುವ ಕೇಂದ್ರಗಳಲ್ಲಿ ಆಕ್ಸಲ್ಲನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ರೋಲರ್ ತಿರುಗಿಸಿ, ಬ್ರೇಕ್ ಒತ್ತಿಸಿ ಬಲ ಅಳೆಯುತ್ತಾರೆ. ಲೆಕ್ಕ ಸರಳ: ಆಕ್ಸಲ್ ಮೇಲೆ 6 ಟನ್ ಭಾರವಿದ್ದು ಎರಡೂ ಗಾಲಿಯ ಬ್ರೇಕ್ ಬಲ ಸೇರಿ 3 ಟನ್ ಬಂದರೆ ಶೇ. 50. ಆದರೆ ಆ 3 ಟನ್‌ನಲ್ಲಿ ಎಡಕ್ಕೆ 1.8, ಬಲಕ್ಕೆ 1.2 ಇದ್ದರೆ ಒಟ್ಟು ಮೊತ್ತ ಚೆನ್ನಾಗಿದ್ದರೂ ಒದ್ದೆ ರಸ್ತೆಯಲ್ಲಿ ಟ್ರೇಲರ್ ಬದಿಗೆ ಎಳೆಯುತ್ತದೆ. ಕಾಗದ ಕೈಗೆ ಬಂದಾಗ ಪಾಸು ಫೇಲಿನ ಜೊತೆಗೆ ಈ ಎಡಬಲದ ಅಂಕಿಗಳನ್ನೂ ಓದಿ.

ಖಾಲಿ ಟ್ರೇಲರ್ ಪರೀಕ್ಷಿಸಿದರೆ ಗಾಲಿ ಬೇಗ ಹಿಡಿದು ರೋಲರ್ ಮೇಲೆ ಜಾರುತ್ತದೆ. ಭಾರ ನೋಡಿ ಒತ್ತಡ ತಗ್ಗಿಸುವ ವಾಲ್ವ್ ಇದ್ದರಂತೂ ಬೂಸ್ಟರ್‌ಗೆ ಪೂರ್ತಿ ಗಾಳಿಯೇ ಹೋಗುವುದಿಲ್ಲ. ಲೋಡ್ ಹೊತ್ತಾಗ ಬ್ರೇಕ್ ಎಷ್ಟು ಹಿಡಿದೀತು ಎಂಬುದು ಆಗ ತಿಳಿಯದು. ಬ್ರಿಟನ್ನಿನ ವಾಹನ ತಪಾಸಣಾ ಸಂಸ್ಥೆಯಾದ ಡಿವಿಎಸ್‌ಎ, ಆಕ್ಸಲ್ಲಿನ ವಿನ್ಯಾಸ ಭಾರದ ಶೇ. 65ರಷ್ಟಾದರೂ ಹೇರಿ ಪರೀಕ್ಷಿಸುವಂತೆ ಹೇಳುವುದು ಇದಕ್ಕೇ. ನಮ್ಮಲ್ಲೂ ಸಾಧ್ಯವಾದಲ್ಲಿ ಲೋಡ್ ಇಟ್ಟು ನೋಡಿಸಿಕೊಳ್ಳುವುದು ಮಾಲೀಕರಿಗೇ ಒಳ್ಳೆಯದು. ಲೋಡ್ ಹಗ್ಗ ಬಿಗಿದು ಕಟ್ಟಿರಬೇಕು.

ರೋಲರ್ ತಿರುಗುವಾಗ ಹಿಂದೆ ಮುಂದೆ ಯಾರೂ ನಿಲ್ಲಬಾರದು, ಬ್ರೇಕ್ ಹಿಡಿದಾಗ ವಾಹನ ರೋಲರ್‌ನಿಂದ ಹೊರಕ್ಕೆ ಏರಬಹುದು. ಹೆಗಲ ಮೇಲಿನ ಟವೆಲ್, ಸಡಿಲ ಪಂಚೆ, ಲುಂಗಿ ಆ ಜಾಗಕ್ಕೆ ತರಬೇಡಿ. ನಿಂತಿರುವ ರೋಲರ್ ಮೇಲೂ ಕಾಲಿಡಬೇಡಿ. ಗಾಲಿ ತಾಗಿದೊಡನೆ ತಾನೇ ತಿರುಗತೊಡಗುವ ಯಂತ್ರಗಳಿವೆ.

ಕಬ್ಬಿನ ಡಬ್ಬಿಗಳು

ಟ್ರ್ಯಾಕ್ಟರ್ ಟ್ರೇಲರ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕಬ್ಬು ಕಡಿಯುವ ಕಾಲಕ್ಕೆ ಬೆಳಗಾವಿ, ಬಾಗಲಕೋಟೆ, ಮಂಡ್ಯದ ರಸ್ತೆಗಳಲ್ಲಿ ಎರಡೆರಡು ಡಬ್ಬಿ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರ್‌ಗಳಲ್ಲಿ ಎಷ್ಟೋ ಡಬ್ಬಿಗಳಿಗೆ ಬ್ರೇಕೇ ಇರುವುದಿಲ್ಲ. ಎರಡು ಟನ್ ಸುಮಾರಿನ ಟ್ರ್ಯಾಕ್ಟರ್‌ನ ಹಿಂದಿನ ಎರಡು ಗಾಲಿಗಳೇ ಎಲ್ಲ ಭಾರವನ್ನೂ ತಡೆಯಬೇಕು. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಹತ್ತು ಟನ್‌ನ ಡಬ್ಬಿ ಒಂದು ಟನ್ ಬಲದಿಂದ ಹಿಂದಿನಿಂದ ತಳ್ಳುತ್ತದೆ. ಟ್ರ್ಯಾಕ್ಟರ್ ಅಡ್ಡ ತಿರುಗಿ ಮಡಚಿಕೊಳ್ಳುವುದು ಆಗಲೇ. ಬ್ರೇಕ್ ಇಲ್ಲದ ಡಬ್ಬಿಗೆ ಇಲ್ಲಿ ಹೇಳುವ ಪರೀಕ್ಷೆ ಯಾವುದೂ ಇಲ್ಲ. ಬ್ರೇಕ್ ಹಾಕಿಸಬೇಕು, ಅಷ್ಟೇ. ಅಲ್ಲಿಯವರೆಗೆ ಲೋಡ್ ಕಡಿಮೆ ಮಾಡಿ, ಒಂದೇ ಡಬ್ಬಿ ಕಟ್ಟಿ, ಇಳಿಜಾರು ಶುರುವಾಗುವ ಮುಂಚೆಯೇ ಸಣ್ಣ ಗೇರಿಗೆ ಹಾಕಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡಲೇಬೇಡಿ.

ಬ್ರೇಕ್ ಇರುವ ಡಬ್ಬಿಯಾದರೆ ಮೊದಲು ಟ್ರ್ಯಾಕ್ಟರ್‌ನ ಎಡ ಬಲ ಪೆಡಲ್‌ಗಳನ್ನು ಕೊಂಡಿ ಹಾಕಿ ಒಂದು ಮಾಡಿ. ಹೊಲದಲ್ಲಿ ತಿರುಗಿಸಲು ಬಿಡಿಸಿದ ಕೊಂಡಿ ರಸ್ತೆಗೆ ಬಂದಾಗಲೂ ಹಾಗೇ ಉಳಿಯುತ್ತದೆ. ಹಾಗಿದ್ದು ಜೋರಾಗಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಗಿರಕಿ ಹೊಡೆಯುತ್ತದೆ. ಎಳೆಯುವ ಪಿನ್ನು, ಅದರ ಲಾಕು, ಸುರಕ್ಷತಾ ಸರಪಳಿ ನೋಡಿ. ಓಡಿಸಿ ನೋಡುವ ಪರೀಕ್ಷೆಯನ್ನು ಖಾಲಿ ಡಬ್ಬಿಯಲ್ಲಿ, ಒಣಗಿದ ಸಮನೆಲದಲ್ಲಿ, ಜನ ದನ ಇಲ್ಲದ ಕಡೆ, ಗಂಟೆಗೆ 10 ಕಿ.ಮೀ. ವೇಗದಿಂದ ಶುರುಮಾಡಿ. ಮಡ್ಗಾರ್ಡ್ ಮೇಲೆ, ನೊಗದ ಮೇಲೆ, ಡಬ್ಬಿಯೊಳಗೆ ಯಾರನ್ನೂ ಕೂರಿಸಬೇಡಿ. ಬ್ರೇಕ್ ಒತ್ತಿದಾಗ ಡಬ್ಬಿ ಹಿಂದಿನಿಂದ ಗುದ್ದಿದಂತಾದರೆ ಅದರ ಬ್ರೇಕ್ ತಡವಾಗಿ ಹಿಡಿಯುತ್ತಿದೆ. ಒಂದು ಬದಿಗೆ ಎಳೆದರೆ ಆ ಬದಿಯದು ಹೆಚ್ಚು ಹಿಡಿಯುತ್ತಿದೆ, ಇಲ್ಲವೇ ಎದುರು ಬದಿಯದು ಹಿಡಿಯುತ್ತಲೇ ಇಲ್ಲ.

ಎರಡು ಡಬ್ಬಿಗಳಿದ್ದರೆ ಒಟ್ಟಿಗೆ ಪರೀಕ್ಷಿಸಬೇಡಿ. ಹಿಂದಿನದಕ್ಕೆ ಅಡೆ ಕೊಟ್ಟು ಕಳಚಿ, ಮುಂದಿನದನ್ನು ನೋಡಿ ಮುಗಿಸಿ. ಆಮೇಲೆ ಮುಂದಿನದಕ್ಕೆ ಅಡೆ ಕೊಟ್ಟು ಬಿಟ್ಟು, ಹಿಂದಿನದನ್ನು ಟ್ರ್ಯಾಕ್ಟರ್‌ಗೆ ಕಟ್ಟಿ ಅದನ್ನು ನೋಡಿ. ಕಳಚುವಾಗ ಪಿನ್ನು ಬಿಗಿಯಾಗಿದ್ದರೆ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಆಡಿಸುತ್ತಾ ನಡುವೆ ಕೈ ಹಾಕಿ ಎಳೆಯುವುದು ರೂಢಿ. ಹಾಗೆ ಮಾಡಬೇಡಿ. ಟ್ರ್ಯಾಕ್ಟರ್ ಒಂದಿಷ್ಟು ಹಿಂದೆ ಬಂದು ಬಿಗಿ ಸಡಿಲವಾದ ಮೇಲೆ ಇಂಜಿನ್ ನಿಲ್ಲಿಸಿ, ಬ್ರೇಕ್ ಲಾಕ್ ಮಾಡಿ, ಚಾಲಕ ಕೆಳಗಿಳಿದ ನಂತರವೇ ಪಿನ್ನಿಗೆ ಕೈ ಹಾಕಿ.